ವಿಶ್ವವಿದ್ಯಾಲಯ ಗ್ರಂಥಾಲಯದ ಕಂಪ್ಯೂಟರ್ ವಿಭಾಗಕ್ಕೆ ಜಾಲತಾಣ: ಯಾವ ದಾರಿ ಯಾರಿಗೆ ಹೊಂದುತ್ತದೆ?

ಕರ್ನಾಟಕದ ಬಹುತೇಕ ವಿಶ್ವವಿದ್ಯಾಲಯಗಳ ಗ್ರಂಥಾಲಯದಲ್ಲಿ ಕಂಪ್ಯೂಟರ್‌ಗಳನ್ನು ಸಾಲಾಗಿ ಇಟ್ಟಿರುವ ಒಂದು ಕೊಠಡಿ ಇರುತ್ತದೆ. ಕೆಲವೆಡೆ ಅದರ ಬಾಗಿಲ ಮೇಲೆ ಡಿಜಿಟಲ್ ಲೈಬ್ರರಿ ಎಂಬ ಫಲಕವಿದೆ, ಕೆಲವೆಡೆ ಇ-ಸಂಪನ್ಮೂಲ ಕೇಂದ್ರ ಎಂದಿದೆ, ವಿದ್ಯಾರ್ಥಿಗಳ ಬಾಯಲ್ಲಿ ಮಾತ್ರ ಅದು ಎಲ್ಲ ಕಡೆಯೂ ಲೈಬ್ರರಿ ಲ್ಯಾಬ್. ಸಂಶೋಧನಾರ್ಥಿಗಳು ಇ-ಪತ್ರಿಕೆಗಳನ್ನು ಹುಡುಕುವುದು ಅಲ್ಲೇ, ಸ್ನಾತಕೋತ್ತರ ವಿದ್ಯಾರ್ಥಿಗಳು ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಪರೀಕ್ಷಾ ಶುಲ್ಕ ಕಟ್ಟುವುದು ಅಲ್ಲೇ, ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ, ಉದ್ಯೋಗಕ್ಕೆ ಕೆಪಿಎಸ್‌ಸಿಯಲ್ಲಿ ಅರ್ಜಿ ಹಾಕುವುದೂ ಅಲ್ಲೇ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ವಿದ್ಯಾರ್ಥಿಗೆ ಪ್ರಬಂಧ ಟೈಪ್ ಮಾಡಲು ಇರುವ ಒಂದೇ ಜಾಗ ಅದಾಗಿರುವುದೂ ಉಂಟು.

ಈ ಕೊಠಡಿಗೆ ತನ್ನದೇ ಆದ ಜಾಲತಾಣ ಬೇಕು ಎಂಬ ಪ್ರಸ್ತಾವ ಗ್ರಂಥಾಲಯ ಸಮಿತಿಯ ಮುಂದೆ ಬಂದಾಗ ಚರ್ಚೆ ಸಾಮಾನ್ಯವಾಗಿ ಸಾಫ್ಟ್‌ವೇರ್‌ನ ಹೆಸರಿನಿಂದ ಆರಂಭವಾಗುತ್ತದೆ. ಒಬ್ಬರು ವರ್ಡ್‌ಪ್ರೆಸ್ ಎನ್ನುತ್ತಾರೆ, ಇನ್ನೊಬ್ಬರು ಗೂಗಲ್ ಸೈಟ್ಸ್ ಸಾಕು ಎನ್ನುತ್ತಾರೆ, ಮತ್ತೊಬ್ಬರು ಏಜೆನ್ಸಿಗೆ ಟೆಂಡರ್ ಕೊಡೋಣ ಎನ್ನುತ್ತಾರೆ. ಈ ಮಾರ್ಗದರ್ಶಿಯಲ್ಲಿ ಆ ಎಲ್ಲ ದಾರಿಗಳನ್ನೂ ಹೋಲಿಸಲಾಗಿದೆ. ಆದರೆ ನಾನು ಅಳೆಯುವ ಮುಖ್ಯ ಅಳತೆ ಒಂದೇ: ತಾಣ ಉದ್ಘಾಟನೆಯಾಗಿ ಎರಡು ವರ್ಷವಾದ ಮೇಲೆ, ಅದನ್ನು ಕಟ್ಟಿದ ಉತ್ಸಾಹಿ ಸಿಬ್ಬಂದಿ ವರ್ಗವಾಗಿ ಹೋದ ಮೇಲೆ, ದಸರಾ ರಜೆಯ ಬದಲಾದ ವೇಳೆಯನ್ನು ಅದರಲ್ಲಿ ಯಾರು, ಎಷ್ಟು ನಿಮಿಷದಲ್ಲಿ ತಿದ್ದಬಲ್ಲರು? ಈ ಪ್ರಶ್ನೆಗೆ ಉತ್ತರವಿಲ್ಲದ ಆಯ್ಕೆ ನೋಡಲು ಎಷ್ಟೇ ಚೆಂದವಾಗಿದ್ದರೂ ಗ್ರಂಥಾಲಯಕ್ಕೆ ಒಗ್ಗುವುದಿಲ್ಲ.

ಆಯ್ಕೆಗೆ ಮೊದಲು ಕೌಂಟರ್‌ನಲ್ಲಿ ಕುಳಿತವರನ್ನು ಕೇಳಿ

ತಾಣದಲ್ಲಿ ಏನಿರಬೇಕು ಎಂಬುದನ್ನು ಚೆನ್ನಾಗಿ ಬಲ್ಲವರು ಆ ಕೊಠಡಿಯ ಬಾಗಿಲಲ್ಲಿ ರಿಜಿಸ್ಟರ್ ಇಟ್ಟುಕೊಂಡು ಕುಳಿತಿರುವ ಸಿಬ್ಬಂದಿ. ಅವರನ್ನು ಒಂದು ವಾರ ಕಾಲ, ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳನ್ನು ಹಾಳೆಯಲ್ಲಿ ಗುರುತು ಹಾಕಿಕೊಳ್ಳಲು ವಿನಂತಿಸಿಕೊಂಡರೆ ತಾಣದ ನಕ್ಷೆ ತಾನಾಗಿಯೇ ಸಿದ್ಧವಾಗುತ್ತದೆ. ಇವತ್ತು ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ? ಐಡಿ ಕಾರ್ಡ್ ಇನ್ನೂ ಬಂದಿಲ್ಲ, ಪ್ರವೇಶ ರಸೀದಿ ತೋರಿಸಿದರೆ ಒಳಗೆ ಬಿಡುತ್ತೀರಾ? ಪ್ರಿಂಟ್ ಸಿಗುತ್ತದೆಯೇ, ಪುಟಕ್ಕೆ ಎಷ್ಟು? ಅಂಕಿಅಂಶ ವಿಶ್ಲೇಷಣೆಯ ಎಸ್‌ಪಿಎಸ್‌ಎಸ್ ತಂತ್ರಾಂಶ ಯಾವ ಕಂಪ್ಯೂಟರ್‌ನಲ್ಲಿದೆ? ಮನೆಯಿಂದಲೇ ಇ-ಪತ್ರಿಕೆ ಓದಲು ಲಾಗಿನ್ ಎಲ್ಲಿ ಪಡೆಯಬೇಕು? ಇಂಥವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಗ್ರಂಥಪಾಲಕರ ಸಂದೇಶ, ಗ್ರಂಥಾಲಯದ ಇತಿಹಾಸ, ಉದ್ಘಾಟನೆಯ ಚಿತ್ರಗಳು ಇವೆಲ್ಲ ಒಳಪುಟಗಳಲ್ಲಿ ಇರಲಿ. ಮುಖಪುಟದ ಮೇಲ್ಭಾಗ ಈ ಪ್ರಶ್ನೆಗಳ ಉತ್ತರಕ್ಕೆ ಮೀಸಲಾಗಲಿ. ಬೆಂಗಳೂರಿನಲ್ಲಿ 1962ರಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿ ಕೇಂದ್ರವಾದ ಡಿಆರ್‌ಟಿಸಿಯನ್ನು ಕಟ್ಟಿದ ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯಗಳಿಗೆ ಹೇಳಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯವನ್ನು ಉಳಿಸಬೇಕು ಎಂಬುದು. ಈ ತಾಣಕ್ಕೆ ಅದಕ್ಕಿಂತ ಬೇರೆ ಧ್ಯೇಯ ಬೇಕಿಲ್ಲ.

ತೆರೆದಿರುವ ವೇಳೆಯ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಹಲವು ವಿಶ್ವವಿದ್ಯಾಲಯಗಳ ಆವರಣ ಊರಿಂದ ದೂರ. ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟ ಶಿವಮೊಗ್ಗದಿಂದ ಸುಮಾರು 28 ಕಿಲೋಮೀಟರ್ ದೂರದಲ್ಲಿದೆ. ಇಂಥ ಆವರಣಕ್ಕೆ ಬಸ್ಸು ಹಿಡಿದು ಬರುವ ವಿದ್ಯಾರ್ಥಿಗೆ ಲ್ಯಾಬ್ ಮುಚ್ಚಿದೆ ಎಂಬ ಒಂದು ಸಾಲು ಬೆಳಿಗ್ಗೆಯೇ ಮೊಬೈಲಿನಲ್ಲಿ ಕಂಡರೆ ಅರ್ಧ ದಿನ ಉಳಿಯುತ್ತದೆ. ತಪ್ಪು ವೇಳೆಯನ್ನು ತೋರಿಸುವ ತಾಣ ತಾಣವಿಲ್ಲದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ತಾಣವೇ ಇಲ್ಲದಿದ್ದರೆ ಆ ವಿದ್ಯಾರ್ಥಿ ಕನಿಷ್ಠ ಒಂದು ಫೋನ್ ಮಾಡಿ ಕೇಳುತ್ತಿದ್ದ.

ವೇಳೆಯಷ್ಟೇ ಅಲ್ಲ, ಸೇವೆಗಳೂ ಬದಲಾಗುತ್ತಿರುತ್ತವೆ. ವಿಶ್ವವಿದ್ಯಾಲಯ ಗ್ರಂಥಾಲಯಗಳಿಗೆ ಜಾಲಸೇವೆ ಒದಗಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ 2019ರಲ್ಲಿ ಶೋಧಶುದ್ಧಿ ಯೋಜನೆಯನ್ನು ಆರಂಭಿಸಿದಾಗ ಪ್ರಬಂಧಗಳ ಸಾಮ್ಯತೆ ತಪಾಸಣೆಗೆ ಉರ್ಕುಂಡ್ ಎಂಬ ಸಾಫ್ಟ್‌ವೇರ್ ಇತ್ತು. ಅದರ ಹೆಸರು ನಡುವೆ ಬದಲಾಯಿತು, ಅನಂತರ ಅದರ ಜಾಗಕ್ಕೆ ಡ್ರಿಲ್‌ಬಿಟ್ ಬಂದಿತು. 2025ರ ಜನವರಿ 1ರಿಂದ ಒಂದು ರಾಷ್ಟ್ರ ಒಂದು ಚಂದಾ ಯೋಜನೆ ಜಾರಿಗೆ ಬಂದು, 30 ಪ್ರಕಾಶಕರ ಸುಮಾರು 13,000 ಇ-ನಿಯತಕಾಲಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ದೊರೆಯುವಂತಾದಾಗ, ಇ-ಪತ್ರಿಕೆಗಳ ಹಳೆಯ ಪಟ್ಟಿಗಳನ್ನೆಲ್ಲ ಹೊಸದಾಗಿ ಬರೆಯಬೇಕಾಯಿತು. ಹೀಗೆ ಬದಲಾವಣೆ ಬಂದಾಗಲೆಲ್ಲ ತಾಣದಲ್ಲಿ ಹತ್ತಾರು ಸಾಲುಗಳನ್ನು ತಿದ್ದಬೇಕು. ಕೆಳಗಿನ ಪ್ರತಿಯೊಂದು ದಾರಿಯನ್ನೂ ಈ ತಿದ್ದುಪಡಿಯ ದೃಷ್ಟಿಯಿಂದ ನೋಡಬೇಕೆಂದು ಕೋರುತ್ತೇನೆ.

ವಿಶ್ವವಿದ್ಯಾಲಯದ ಮುಖ್ಯ ತಾಣದಲ್ಲೇ ಒಂದು ಪುಟ

ಇದು ಎಲ್ಲಕ್ಕಿಂತ ಸರಳವಾದ ದಾರಿ. ವಿಳಾಸ ಅಧಿಕೃತವಾಗಿರುತ್ತದೆ, ಸರ್ವರ್‌ನ ಚಿಂತೆ ಗಣಕ ಕೇಂದ್ರದ್ದು, ಭದ್ರತಾ ತಪಾಸಣೆ ಮುಖ್ಯ ತಾಣದ ಜೊತೆಯಲ್ಲೇ ಆಗಿಹೋಗುತ್ತದೆ. ತೊಂದರೆ ಇರುವುದು ತಿದ್ದುವ ಅಧಿಕಾರದಲ್ಲಿ. ಅನೇಕ ಕಡೆ ಮುಖ್ಯ ತಾಣವನ್ನು ಹೊರಗಿನ ಏಜೆನ್ಸಿ ನೋಡಿಕೊಳ್ಳುತ್ತದೆ. ಗ್ರಂಥಾಲಯದವರು ಟಿಪ್ಪಣಿ ಬರೆದು, ಅದು ಕುಲಸಚಿವರ ಕಚೇರಿಯ ಮೂಲಕ ಹೋಗಿ, ಏಜೆನ್ಸಿಯ ಮೇಜು ತಲುಪಿ ಪುಟ ಬದಲಾಗುವ ಹೊತ್ತಿಗೆ ರಜೆಯೇ ಮುಗಿದಿರುತ್ತದೆ. ಗ್ರಂಥಾಲಯದ ಪುಟಗಳಿಗಷ್ಟೇ ಸೀಮಿತವಾದ ಲಾಗಿನ್ ಒಂದನ್ನು ಗ್ರಂಥಾಲಯದ ಸಿಬ್ಬಂದಿಗೆ ಕೊಡಲು ವಿಶ್ವವಿದ್ಯಾಲಯ ಒಪ್ಪುವುದಾದರೆ, ಸಣ್ಣ ವಿಭಾಗಕ್ಕೆ ಇದಕ್ಕಿಂತ ಉತ್ತಮ ದಾರಿಯಿಲ್ಲ. ಒಪ್ಪದಿದ್ದರೆ ಎಂದೂ ಬದಲಾಗದ ವಿವರಗಳನ್ನು, ಅಂದರೆ ಕಟ್ಟಡದ ಹೆಸರು, ಮಹಡಿ, ದೂರವಾಣಿ ಸಂಖ್ಯೆಗಳನ್ನು, ಮಾತ್ರ ಅಲ್ಲಿ ಹಾಕಿ, ಉಳಿದದ್ದಕ್ಕೆ ಬೇರೆ ತಾಣದ ಕೊಂಡಿಯನ್ನು ಕೊಡುವುದು ಒಳ್ಳೆಯದು.

ಕೋಹಾದ ಒಳಗೇ ಕೊಡುವ ಮಾಹಿತಿ

ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯಕ್ಕಾಗಿ ರೂಪುಗೊಂಡು 2000ದಲ್ಲಿ ಬಳಕೆಗೆ ಬಂದ ಮುಕ್ತ ತಂತ್ರಾಂಶ ಕೋಹಾ ಇಂದು ಕರ್ನಾಟಕದಲ್ಲೂ ಅನೇಕ ಗ್ರಂಥಾಲಯಗಳ ಸ್ವಯಂಚಾಲನೆಗೆ ಆಧಾರವಾಗಿದೆ. ಪುಸ್ತಕ ಹುಡುಕಲು ವಿದ್ಯಾರ್ಥಿಗಳು ಹೇಗೂ ಅದರ ಓಪ್ಯಾಕ್ (ಆನ್‌ಲೈನ್ ಪುಸ್ತಕಸೂಚಿ) ಪುಟಕ್ಕೆ ಬರುತ್ತಾರೆ. ಲ್ಯಾಬಿನ ಸುದ್ದಿಯೂ ಅಲ್ಲೇ ಕಂಡರೆ ಅವರಿಗೆ ಅನುಕೂಲ. ಸುದ್ದಿ ಹಾಕುವ ಸೌಲಭ್ಯ ಕೋಹಾದಲ್ಲಿ ಇದೆ, ಇತ್ತೀಚಿನ ಆವೃತ್ತಿಗಳಲ್ಲಿ ಪ್ರತ್ಯೇಕ ಪುಟಗಳನ್ನು ಸೃಷ್ಟಿಸಲೂ ಬರುತ್ತದೆ. ಗ್ರಂಥಾಲಯ ಸಿಬ್ಬಂದಿಗೆ ಈ ಪರದೆ ಪರಿಚಿತವಾಗಿರುವುದು ದೊಡ್ಡ ಲಾಭ.

ಆದರೂ ಪೂರ್ಣ ತಾಣವನ್ನು ಕೋಹಾದ ಮೇಲೆ ಕಟ್ಟುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಪುಟದ ವಿನ್ಯಾಸಕ್ಕೆ ಎಚ್‌ಟಿಎಂಎಲ್ ಬರೆಯಬೇಕಾಗುತ್ತದೆ, ಮತ್ತು ವರ್ಷಕ್ಕೆರಡು ಬಾರಿ ಬರುವ ಹೊಸ ಆವೃತ್ತಿಗಳಿಗೆ ಏರಿಸುವಾಗ ನಾವು ಸೇರಿಸಿದ ವಿನ್ಯಾಸ ಕದಡುವ ಸಂಭವವಿರುತ್ತದೆ. ಪುಸ್ತಕ ಎರವಲು ನಡೆಯುವ ಸರ್ವರ್‌ನ ಮೇಲೆ ಇನ್ನೊಂದು ಹೊರೆಯನ್ನು ಹೊರಿಸುವುದೂ ಸರಿಯಲ್ಲ. ಇನ್‌ಫ್ಲಿಬ್‌ನೆಟ್‌ನ ಸೋಲ್ ಅಥವಾ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯ ಇ-ಗ್ರಂಥಾಲಯ ತಂತ್ರಾಂಶವನ್ನು ಬಳಸುವ ಗ್ರಂಥಾಲಯಗಳಿಗೆ ಈ ದಾರಿಯೇ ಅನ್ವಯಿಸುವುದಿಲ್ಲ. ಓಪ್ಯಾಕ್‌ನಲ್ಲಿ ಇಂದಿನ ವೇಳೆ ಹಾಗೂ ಒಂದು ಕೊಂಡಿ ಇದ್ದರೆ ಸಾಕು.

ಗೂಗಲ್ ಸೈಟ್ಸ್

ವಿಶ್ವವಿದ್ಯಾಲಯಕ್ಕೆ ಗೂಗಲ್‌ನ ಶಿಕ್ಷಣ ಸಂಸ್ಥೆಗಳ ಖಾತೆ ಇದ್ದರೆ ಈ ದಾರಿ ಖರ್ಚಿಲ್ಲದೆ ತೆರೆದುಕೊಳ್ಳುತ್ತದೆ. ಸರ್ವರ್ ಬೇಡ, ಅಪ್‌ಡೇಟ್ ಬೇಡ, ಹ್ಯಾಕ್ ಆಗುವ ಭಯವೂ ಅತಿ ಕಡಿಮೆ. ವರ್ಡ್ ಕಡತ ತಿದ್ದಲು ಬಲ್ಲವರು ಇದನ್ನೂ ತಿದ್ದಬಲ್ಲರು. ಗೂಗಲ್ ಕ್ಯಾಲೆಂಡರ್, ಫಾರ್ಮ್, ನಕ್ಷೆಗಳನ್ನು ಒಂದೆರಡು ಕ್ಲಿಕ್ಕಿನಲ್ಲಿ ಸೇರಿಸಬಹುದು. ತಂತ್ರಜ್ಞರೇ ಇಲ್ಲದ ವಿಭಾಗಕ್ಕೆ ಇದು ನಿಜವಾದ ವರ. ವಿನ್ಯಾಸ ತೀರ ಸಾಧಾರಣ ಎಂಬ ಆಕ್ಷೇಪಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ, ಲ್ಯಾಬಿನ ವೇಳೆ ನೋಡಲು ಬಂದವರಿಗೆ ಚಲಿಸುವ ಚಿತ್ರಪಟ್ಟಿಯ ಅಗತ್ಯವೇನೂ ಇಲ್ಲ.

ನಿಜವಾದ ಅಪಾಯ ಬೇರೆ ಕಡೆ ಇದೆ. ಸಿಬ್ಬಂದಿಯೊಬ್ಬರು ತಮ್ಮ ಸ್ವಂತ ಜಿಮೇಲ್ ಖಾತೆಯಲ್ಲಿ ತಾಣ ಕಟ್ಟಿದರೆ ಅದು ಸಂಸ್ಥೆಯ ಆಸ್ತಿಯಾಗುವುದಿಲ್ಲ. ಅವರು ಹೊರಗುತ್ತಿಗೆಯ ನೌಕರರಾಗಿದ್ದು ಗುತ್ತಿಗೆ ಮುಗಿಯಿತೆಂದರೆ, ತಾಣ ಎಲ್ಲರಿಗೂ ಕಾಣುತ್ತಲೇ ಇರುತ್ತದೆ, ತಿದ್ದಲು ಮಾತ್ರ ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ತಾಣವನ್ನು ಸಂಸ್ಥೆಯ ಖಾತೆಯಲ್ಲೇ, ಸಾಧ್ಯವಾದರೆ ವಿಭಾಗದ ಹಂಚಿಕೆಯ ಡ್ರೈವ್‌ನಲ್ಲೇ ತೆರೆದು, ಕನಿಷ್ಠ ಇಬ್ಬರಿಗೆ ತಿದ್ದುವ ಹಕ್ಕು ಕೊಡಬೇಕು. ವಿಳಾಸವನ್ನೂ ವಿಶ್ವವಿದ್ಯಾಲಯದ ಡೊಮೇನಿನ ಕೆಳಗೇ ಜೋಡಿಸಿಕೊಳ್ಳಬೇಕು. ಎಸಿ ಡಾಟ್ ಇನ್ ಎಂದು ಮುಗಿಯುವ ಹೆಸರುಗಳನ್ನು ಶಿಕ್ಷಣ ಸಂಸ್ಥೆಗಳಿಗೆ ನೀಡುವುದು ಅರ್ನೆಟ್ ಇಂಡಿಯಾ ಮಾತ್ರ; ಆ ವಿಳಾಸ ಕಂಡೊಡನೆ ವಿದ್ಯಾರ್ಥಿಗೆ ಇದು ಅಧಿಕೃತ ತಾಣ ಎಂಬ ನಂಬಿಕೆ ಹುಟ್ಟುತ್ತದೆ. ಇನ್ನೊಂದು ಮಿತಿಯನ್ನೂ ಹೇಳಬೇಕು: ಇಲ್ಲಿ ಕಟ್ಟಿದ ತಾಣವನ್ನು ಮುಂದೆ ಬೇರೆ ವ್ಯವಸ್ಥೆಗೆ ಸಾಗಿಸುವುದು ಸುಲಭವಲ್ಲ. ಗೂಗಲ್ ತನ್ನ ಹಳೆಯ ಸೈಟ್ಸ್ ಸೇವೆಯನ್ನು ನಿಲ್ಲಿಸಿದಾಗ ಬಳಕೆದಾರರು ತಮ್ಮ ಪುಟಗಳನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಬೇಕಾಯಿತು. ಮುಖ್ಯ ಪಠ್ಯದ ಒಂದು ಪ್ರತಿ ಗ್ರಂಥಾಲಯದ ಕಂಪ್ಯೂಟರ್‌ನಲ್ಲಿ ಸದಾ ಇರಲಿ.

ವರ್ಡ್‌ಪ್ರೆಸ್

2003ರಲ್ಲಿ ಬ್ಲಾಗ್ ಬರೆಯುವ ಸಾಧನವಾಗಿ ಹುಟ್ಟಿದ ವರ್ಡ್‌ಪ್ರೆಸ್ ಈಗ ಎಲ್ಲ ಬಗೆಯ ತಾಣಗಳಿಗೂ ಬಳಕೆಯಾಗುತ್ತಿದೆ. ಇದರ ಅತಿ ದೊಡ್ಡ ಬಲ, ಅದನ್ನು ಬಲ್ಲವರು ಎಲ್ಲ ಊರುಗಳಲ್ಲೂ ಸಿಗುತ್ತಾರೆ ಎಂಬುದು. ಗಣಕ ವಿಜ್ಞಾನ ವಿಭಾಗದ ವಿದ್ಯಾರ್ಥಿಗಳಲ್ಲಿ ಯಾರಾದರೂ ಒಬ್ಬರು ನೆರವಾಗಬಲ್ಲರು. ಏಜೆನ್ಸಿ ಬದಲಾದರೂ ಹೊಸಬರಿಗೆ ವ್ಯವಸ್ಥೆ ಅಪರಿಚಿತವಾಗಿರುವುದಿಲ್ಲ. ಬರಹಗಾರರು, ಸಂಪಾದಕರು, ನಿರ್ವಾಹಕರು ಎಂದು ಹಕ್ಕುಗಳನ್ನು ಹಂಚಬಹುದಾದ್ದರಿಂದ, ಕೌಂಟರ್‌ನ ಸಿಬ್ಬಂದಿ ಸೂಚನೆ ಬರೆಯಲು, ಸಹಾಯಕ ಗ್ರಂಥಪಾಲಕರು ಒಪ್ಪಿಗೆ ಕೊಡಲು ಅನುಕೂಲವಿದೆ. ಇಡೀ ತಾಣವನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಒಯ್ಯಲೂ ಬರುತ್ತದೆ.

ದೌರ್ಬಲ್ಯವೂ ಅದೇ ಜನಪ್ರಿಯತೆಯಿಂದ ಬಂದಿದೆ. ದಾಳಿಕೋರರು ಸ್ವಯಂಚಾಲಿತ ಸಾಧನಗಳಿಂದ ಹಳೆಯ ವರ್ಡ್‌ಪ್ರೆಸ್ ತಾಣಗಳನ್ನು ಹಗಲಿರುಳು ಹುಡುಕುತ್ತಿರುತ್ತಾರೆ, ಮತ್ತು ದೋಷಗಳು ಬಹುಪಾಲು ಕಂಡುಬರುವುದು ಮೂಲ ತಂತ್ರಾಂಶದಲ್ಲಿ ಅಲ್ಲ, ಹೆಚ್ಚುವರಿ ಸೌಲಭ್ಯಕ್ಕಾಗಿ ನಾವು ಸೇರಿಸಿಕೊಂಡ ಪ್ಲಗಿನ್ ಎಂಬ ಕಿರು ತಂತ್ರಾಂಶಗಳಲ್ಲಿ. ಶಿಕ್ಷಣ ಸಂಸ್ಥೆಗಳ ತಾಣಗಳೊಳಗೆ ಜೂಜಿನ ಜಾಹೀರಾತು ಪುಟಗಳು ನುಸುಳುವುದು ಹೀಗೆಯೇ. ಆದ್ದರಿಂದ ಪ್ಲಗಿನ್‌ಗಳ ಸಂಖ್ಯೆಯನ್ನು ಒಂದು ಕೈಬೆರಳುಗಳಲ್ಲಿ ಎಣಿಸುವಷ್ಟಕ್ಕೇ ನಿಲ್ಲಿಸಬೇಕು, ಬಳಸದೆ ಬಿಟ್ಟವನ್ನು ನಿಷ್ಕ್ರಿಯಗೊಳಿಸಿ ಸುಮ್ಮನಾಗದೆ ಪೂರ್ತಿಯಾಗಿ ಅಳಿಸಬೇಕು, ಪೈರೇಟೆಡ್ ಥೀಮ್‌ಗಳನ್ನು (ಸಿದ್ಧ ವಿನ್ಯಾಸಗಳನ್ನು) ಯಾವ ಕಾರಣಕ್ಕೂ ಮುಟ್ಟಬಾರದು. 2020ರಲ್ಲಿ ಬಂದ 5.5ನೇ ಆವೃತ್ತಿಯಿಂದ ಪ್ಲಗಿನ್‌ಗಳನ್ನೂ ತಾನಾಗಿ ಅಪ್‌ಡೇಟ್ ಆಗುವಂತೆ ಹೊಂದಿಸಬಹುದು. ನೋಡಿಕೊಳ್ಳುವವರು ಕಡಿಮೆ ಇರುವಲ್ಲಿ ಅದನ್ನು ತಪ್ಪದೆ ಆನ್ ಮಾಡಿಡಬೇಕು. ಬ್ಯಾಕಪ್ ಅದೇ ಸರ್ವರ್‌ನಲ್ಲಿದ್ದರೆ ಅದು ಬ್ಯಾಕಪ್ ಎನಿಸುವುದಿಲ್ಲ. ಬೇರೆ ಕಡೆ ಇಟ್ಟ ಬ್ಯಾಕಪ್‌ನಿಂದ ತಾಣವನ್ನು ಒಮ್ಮೆಯಾದರೂ ಮರಳಿ ನಿಲ್ಲಿಸಿ ನೋಡಿರಬೇಕು.

ಆಡಳಿತದ ಕಡೆಯಿಂದಲೂ ಒಂದು ಮಾತು. ಸರ್ಕಾರಿ ಸಂಸ್ಥೆಯ ತಾಣವನ್ನು ಸಾರ್ವಜನಿಕರಿಗೆ ತೆರೆಯುವ ಮೊದಲು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ಮಾನ್ಯತೆ ಪಡೆದ ಸಂಸ್ಥೆಯಿಂದ ಭದ್ರತಾ ತಪಾಸಣೆ ಆಗಬೇಕೆಂದು ಹೋಸ್ಟಿಂಗ್ ನೀಡುವವರು ಕೇಳುವುದು ಸಾಮಾನ್ಯ. ವರ್ಡ್‌ಪ್ರೆಸ್ ಉಚಿತವಾದರೂ ಈ ತಪಾಸಣೆ ಉಚಿತವಲ್ಲ. ಅಂದಾಜುಪಟ್ಟಿ ಸಿದ್ಧಪಡಿಸುವಾಗಲೇ ಅದನ್ನು ಸೇರಿಸದಿದ್ದರೆ, ತಾಣ ಸಿದ್ಧವಾದ ಮೇಲೆ ಕಡತ ಹಣಕಾಸು ವಿಭಾಗದಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ.

ದ್ರುಪಾಲ್, ಸ್ಥಿರ ತಾಣ, ಲಿಬ್‌ಗೈಡ್ಸ್

ದ್ರುಪಾಲ್ 2001ರಿಂದ ಇದೆ, ಶಿಸ್ತಿನ ತಂತ್ರಾಂಶ. 2015ರ ಎಂಟನೇ ಆವೃತ್ತಿಯಿಂದ ಬಹುಭಾಷಾ ಸೌಲಭ್ಯ ಅದರ ಮೂಲದಲ್ಲೇ ಸೇರಿರುವುದರಿಂದ ಕನ್ನಡ ಮತ್ತು ಇಂಗ್ಲಿಷ್ ಪುಟಗಳನ್ನು ಜೋಡಿಯಾಗಿ ನಿರ್ವಹಿಸಲು ಅದು ವರ್ಡ್‌ಪ್ರೆಸ್‌ಗಿಂತ ಮೇಲು. ಆದರೆ ದೊಡ್ಡ ಆವೃತ್ತಿ ಬದಲಾದಾಗ ನುರಿತ ಪ್ರೋಗ್ರಾಮರ್ ಬೇಕೇ ಬೇಕು. ಏಳನೇ ಆವೃತ್ತಿಗೆ 2025ರ ಜನವರಿ 5ರಂದು ಬೆಂಬಲ ನಿಂತಾಗ, ಅದರ ಮೇಲೆ ನಿಂತಿದ್ದ ತಾಣಗಳು ಹೆಚ್ಚುಕಡಿಮೆ ಹೊಸದಾಗಿಯೇ ಕಟ್ಟಿಸಿಕೊಳ್ಳಬೇಕಾಯಿತು. ಒಂದು ಕೊಠಡಿಯ ತಾಣಕ್ಕೆ ಇಷ್ಟು ಭಾರ ಹೊರಬೇಕಿಲ್ಲ. ವಿಶ್ವವಿದ್ಯಾಲಯವೇ ದ್ರುಪಾಲ್‌ನಲ್ಲಿದ್ದರೆ ಅದರೊಳಗೆ ಸೇರಿಕೊಳ್ಳಬಹುದು.

ಹ್ಯೂಗೊ, ಜೆಕಿಲ್ ಮುಂತಾದ ಸಾಧನಗಳಿಂದ ಕಟ್ಟುವ ಸ್ಥಿರ ತಾಣದಲ್ಲಿ ಡೇಟಾಬೇಸ್ ಇರುವುದಿಲ್ಲ, ಲಾಗಿನ್ ಪರದೆಯೂ ಇರುವುದಿಲ್ಲ. ಪುಟಗಳು ಮೊದಲೇ ಸಿದ್ಧವಾಗಿರುವುದರಿಂದ ನಿಧಾನಗತಿಯ ಮೊಬೈಲ್ ಸಂಪರ್ಕದಲ್ಲೂ ಬೇಗ ತೆರೆದುಕೊಳ್ಳುತ್ತವೆ. ಐದು ವರ್ಷ ಯಾರೂ ಮುಟ್ಟದಿದ್ದರೂ ಅದು ಹಾಳಾಗುವುದಿಲ್ಲ. ಇಷ್ಟೆಲ್ಲ ಗುಣಗಳಿದ್ದೂ ಅದನ್ನು ಎಲ್ಲರಿಗೂ ಸೂಚಿಸಲಾರೆ. ಒಂದು ಸಾಲು ತಿದ್ದಲು ಮಾರ್ಕ್‌ಡೌನ್ ಎಂಬ ಸಂಕೇತಶೈಲಿಯ ಕಡತ ತೆರೆದು, ಪ್ರೋಗ್ರಾಮರ್‌ಗಳು ಬಳಸುವ ಗಿಟ್ ಎಂಬ ಸಾಧನದ ಮೂಲಕ ಕಳುಹಿಸಬೇಕಾದ ಕ್ರಮ ಗ್ರಂಥಾಲಯ ಸಿಬ್ಬಂದಿಗೆ ಕಷ್ಟ; ಕೊನೆಗೆ ಒಬ್ಬರೇ ಒಬ್ಬರಿಗೆ ಗೊತ್ತಿರುವ ವ್ಯವಸ್ಥೆಯಾಗಿ ಅದು ಉಳಿದುಬಿಡುತ್ತದೆ. ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗದ ವಿದ್ಯಾರ್ಥಿಗಳಿಗೆ ಇದನ್ನು ಪ್ರಾಯೋಗಿಕ ಪಾಠವಾಗಿ ಕಲಿಸಿ, ಪ್ರತಿ ವರ್ಷ ಹೊಸ ತಂಡಕ್ಕೆ ಒಪ್ಪಿಸುವ ಏರ್ಪಾಡು ಇರುವಲ್ಲಿ ಮಾತ್ರ ಇದು ಶ್ರೇಷ್ಠ ಆಯ್ಕೆ.

ಸ್ಪ್ರಿಂಗ್‌ಶೇರ್ ಕಂಪನಿಯ ಲಿಬ್‌ಗೈಡ್ಸ್ ಗ್ರಂಥಾಲಯಗಳಿಗೆಂದೇ ಮಾಡಿದ್ದು. ವಿಷಯವಾರು ಮಾರ್ಗದರ್ಶಿ ಪುಟಗಳಿಗೆ ಅದು ಬಹಳ ಹೊಂದುತ್ತದೆ, ಜೊತೆಯ ಲಿಬ್‌ಕ್ಯಾಲ್‌ನಿಂದ ವೇಳೆ ಹಾಗೂ ಕೊಠಡಿ ಕಾಯ್ದಿರಿಸುವಿಕೆಯನ್ನು ನಿರ್ವಹಿಸಬಹುದು. ಆದರೆ ಪ್ರತಿ ವರ್ಷ ಚಂದಾ ಕಟ್ಟಬೇಕು, ಕಟ್ಟುವುದು ನಿಂತರೆ ತಾಣವೂ ನಿಲ್ಲುತ್ತದೆ. ಅನುದಾನ ಯಾವ ತಿಂಗಳಲ್ಲಿ ಬಿಡುಗಡೆಯಾಗುತ್ತದೆ ಎಂಬುದೇ ತಿಳಿಯದ ರಾಜ್ಯ ವಿಶ್ವವಿದ್ಯಾಲಯಕ್ಕೆ ಈ ಅನಿಶ್ಚಿತತೆ ಬೇಡ.

ಕಂಪ್ಯೂಟರ್ ಕಾಯ್ದಿರಿಸುವ ಸೌಲಭ್ಯ ಬೇಕೇ?

ಅಯೋವಾ ವಿಶ್ವವಿದ್ಯಾಲಯ 1992ರಲ್ಲಿ ತನ್ನ ಗ್ರಂಥಾಲಯದೊಳಗೆ ಇನ್ಫರ್ಮೇಷನ್ ಆರ್ಕೇಡ್ ತೆರೆದ ಕಾಲದಿಂದ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇಂಥ ಹಂಚಿಕೆಯ ಕಂಪ್ಯೂಟರ್ ಕೊಠಡಿಗಳು ಬೆಳೆದಿವೆ, ಯಾವ ಯಂತ್ರ ಖಾಲಿಯಿದೆ ಎಂಬುದನ್ನು ಜಾಲತಾಣದ ನಕ್ಷೆಯಲ್ಲೇ ತೋರಿಸುವ ವ್ಯವಸ್ಥೆಗಳೂ ಅಲ್ಲಿ ಬಂದಿವೆ. ನೂರಾರು ಯಂತ್ರಗಳು ಹಲವು ಮಹಡಿಗಳಲ್ಲಿ ಹರಡಿರುವಾಗ ಅದು ಉಪಯುಕ್ತ. ಮೂವತ್ತು ನಲವತ್ತು ಯಂತ್ರಗಳ ಒಂದೇ ಕೊಠಡಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಸಾಮಾನ್ಯ ಬಳಕೆಯ ಯಂತ್ರಗಳು ಮೊದಲು ಬಂದವರಿಗೆ ಸಿಗಲಿ, ಯಾವ ದಿನಗಳಲ್ಲಿ ಜನ ಹೆಚ್ಚು, ಉದಾಹರಣೆಗೆ ಪರೀಕ್ಷಾ ಶುಲ್ಕದ ಕೊನೆಯ ದಿನಾಂಕದ ಹಿಂದಿನ ವಾರ, ಎಂಬುದನ್ನು ತಾಣದಲ್ಲಿ ಬರೆದರೆ ಸಾಕು.

ಕಾಯ್ದಿರಿಸುವಿಕೆ ಬೇಕಾಗುವುದು ಒಂದೆರಡೇ ಇರುವ ಸೌಲಭ್ಯಗಳಿಗೆ: ಎಸ್‌ಪಿಎಸ್‌ಎಸ್ ಇರುವ ಯಂತ್ರ, ದೊಡ್ಡ ಸ್ಕ್ಯಾನರ್, ದೃಷ್ಟಿದೋಷವುಳ್ಳವರಿಗಾಗಿ ಪರದೆ ಓದುವ ತಂತ್ರಾಂಶ ಅಳವಡಿಸಿದ ಕಂಪ್ಯೂಟರ್, ಪ್ರಬಂಧ ತಪಾಸಣೆಗೆ ಸಿಬ್ಬಂದಿಯ ಸಮಯ. ಇಲ್ಲಿ ಬಹಳ ಮಂದಿ ಮೊದಲು ಕೈಹಾಕುವುದು ಗೂಗಲ್ ಫಾರ್ಮ್‌ಗೆ. ಅರ್ಜಿ ಸ್ವೀಕರಿಸಲು ಅದು ಚೆನ್ನ; ಆದರೆ ಒಂದೇ ಗಂಟೆಗೆ ಇಬ್ಬರು ಹೆಸರು ಕೊಟ್ಟರೆ ಅದು ತಾನಾಗಿ ತಡೆಯುವುದಿಲ್ಲ. ದಿನಕ್ಕೆ ಕೆಲವೇ ಕೋರಿಕೆಗಳು ಬರುವಲ್ಲಿ ಸಿಬ್ಬಂದಿಯೇ ನೋಡಿ ಉತ್ತರಿಸಬಹುದು. ಹೆಚ್ಚು ಬರುವಲ್ಲಿ ಗೂಗಲ್ ಕ್ಯಾಲೆಂಡರ್‌ನ ಭೇಟಿ ನಿಗದಿ ಸೌಲಭ್ಯ, ಅಥವಾ ಸ್ವಂತ ಸರ್ವರ್ ಇದ್ದರೆ ಎಂಆರ್‌ಬಿಎಸ್, ಲಿಬ್ರೆಬುಕಿಂಗ್ ಎಂಬ ಮುಕ್ತ ತಂತ್ರಾಂಶಗಳನ್ನು ನೋಡಬಹುದು. ಫಾರ್ಮ್‌ನ ಉತ್ತರಗಳು ಸೇರುವ ಹಾಳೆಯನ್ನು, ಕೊಂಡಿ ಇರುವ ಯಾರು ಬೇಕಾದರೂ ನೋಡುವಂತೆ ತೆರೆದಿಡುವುದು ಬಹು ಸುಲಭವಾಗಿ ಆಗಿಬಿಡುವ ಅನಾಹುತ. ವಿದ್ಯಾರ್ಥಿನಿಯರ ಹೆಸರು, ಮೊಬೈಲ್ ಸಂಖ್ಯೆ, ಅವರು ಲ್ಯಾಬಿಗೆ ಬರುವ ವೇಳೆ ಎಲ್ಲವೂ ಅದರಲ್ಲಿರುತ್ತವೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮಾತು ಹಾಗಿರಲಿ, ನಮ್ಮನ್ನು ನಂಬಿ ಕೊಟ್ಟ ವಿವರವನ್ನು ಕಾಯುವುದು ಗ್ರಂಥಾಲಯದ ಕರ್ತವ್ಯ. ನೋಂದಣಿ ಸಂಖ್ಯೆ ಮತ್ತು ವಿಶ್ವವಿದ್ಯಾಲಯದ ಇಮೇಲ್ ಸಾಕಾಗುವಲ್ಲಿ ಮೊಬೈಲ್ ಸಂಖ್ಯೆಯನ್ನೂ, ಆಧಾರ್ ಸಂಖ್ಯೆಯನ್ನಂತೂ, ಕೇಳಲೇಬಾರದು.

ಕನ್ನಡದ ಪುಟಗಳು ಕೆಡದಂತೆ

ಯಾವ ವ್ಯವಸ್ಥೆಯನ್ನು ಆರಿಸಿದರೂ ಅದರಲ್ಲಿ ಕನ್ನಡ ಹೇಗೆ ಕಾಣುತ್ತದೆ ಎಂಬುದನ್ನು ಮೊದಲ ದಿನವೇ ಪರೀಕ್ಷಿಸಬೇಕು, ಏಕೆಂದರೆ ಥೀಮ್‌ಗಳನ್ನು ರಚಿಸುವವರು ಲ್ಯಾಟಿನ್ ಅಕ್ಷರಗಳನ್ನಷ್ಟೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಒತ್ತಕ್ಷರಗಳು ಸಾಲಿನಿಂದ ಕೆಳಕ್ಕೆ ಇಳಿಯುವುದರಿಂದ, ಎತ್ತರ ಕಟ್ಟಿಟ್ಟ ಮೆನು ಪಟ್ಟಿಗಳಲ್ಲಿ ಅವುಗಳ ಬುಡ ಕತ್ತರಿಸಿಹೋಗುತ್ತದೆ. ಸಾಲುಗಳ ನಡುವಿನ ಅಂತರವನ್ನು ಅಕ್ಷರ ಗಾತ್ರದ 1.6 ಪಟ್ಟಿಗಿಂತ ಕಡಿಮೆ ಮಾಡದಿರುವುದು ಒಳ್ಳೆಯದು. ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ತಾಣದ ಜೊತೆಗೇ ಕೊಟ್ಟರೆ ಹಳೆಯ ಕಂಪ್ಯೂಟರ್‌ಗಳಲ್ಲೂ ಒಂದೇ ರೀತಿ ಕಾಣುತ್ತದೆ. ನುಡಿ ಅಥವಾ ಬರಹದ ಹಳೆಯ ಎನ್‌ಕೋಡಿಂಗ್‌ನಲ್ಲಿ ಟೈಪಿಸಿದ ಸುತ್ತೋಲೆಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ಹಾಕಬೇಕು. ಸಹಿ ಮಾಡಿದ ಸುತ್ತೋಲೆಯ ಸ್ಕ್ಯಾನ್ ಪ್ರತಿ ದಾಖಲೆಗೆ ಇರಲಿ, ಆದರೆ ಅದರ ಸಾರ ಪಠ್ಯರೂಪದಲ್ಲೂ ಇರಬೇಕು. ಚಿತ್ರದೊಳಗಿನ ಅಕ್ಷರಗಳನ್ನು ಪರದೆ ಓದುವ ತಂತ್ರಾಂಶ ಓದಲಾರದು, ಮೊಬೈಲಿನಲ್ಲಿ ಹಿಗ್ಗಿಸಿ ಓದುವುದೂ ಕಷ್ಟ.

ವರ್ಡ್‌ಪ್ರೆಸ್ ಬಳಸುವವರಿಗೆ ಒಂದು ನಿರ್ದಿಷ್ಟ ಎಚ್ಚರಿಕೆ. ಕನ್ನಡ ಶೀರ್ಷಿಕೆ ಕೊಟ್ಟರೆ ಪುಟದ ವಿಳಾಸವೂ ಕನ್ನಡದಿಂದಲೇ ರಚನೆಯಾಗುತ್ತದೆ. ಕನ್ನಡದ ಒಂದೊಂದು ಅಕ್ಷರಚಿಹ್ನೆಯೂ ವಿಳಾಸದಲ್ಲಿ ಒಂಬತ್ತು ಸಂಕೇತಗಳಷ್ಟು ಜಾಗ ತಿನ್ನುತ್ತದೆ; ಒಟ್ಟು ಮಿತಿ 200 ಸಂಕೇತಗಳಾದ್ದರಿಂದ ಸುಮಾರು 22 ಚಿಹ್ನೆಗಳಾದ ಮೇಲೆ ವಿಳಾಸ ಅರ್ಧಕ್ಕೇ ಕತ್ತರಿಸಿಹೋಗುತ್ತದೆ, ವಾಟ್ಸ್ಆ್ಯಪ್‌ನಲ್ಲಿ ಹಂಚಿದಾಗ ಅರ್ಥವಾಗದ ಉದ್ದನೆಯ ಸರಪಳಿಯಾಗಿ ಕಾಣಬಹುದು. ಶೀರ್ಷಿಕೆ ಕನ್ನಡದಲ್ಲೇ ಇರಲಿ, ವಿಳಾಸದ ಭಾಗವನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಕೈಯಿಂದಲೇ ಬರೆಯಬೇಕು.

ಸಾಮಾನ್ಯ ಪಠ್ಯಕ್ಕೂ ಅದರ ಹಿನ್ನೆಲೆಗೂ ನಡುವೆ ಕನಿಷ್ಠ 4.5ಕ್ಕೆ 1ರಷ್ಟು ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಇರಬೇಕು ಎಂಬುದು ಅಂತರರಾಷ್ಟ್ರೀಯ ಸುಗಮತಾ ಮಾನದಂಡ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮತ್ತು ಸರ್ಕಾರಿ ತಾಣಗಳಿಗೆ ಎನ್‌ಐಸಿ ರೂಪಿಸಿದ ಮಾರ್ಗಸೂಚಿಯ 2023ರ ಮೂರನೇ ಆವೃತ್ತಿ ಎರಡೂ ಈ ದಿಕ್ಕಿನಲ್ಲೇ ಇವೆ. ಇದನ್ನು ಕಾಗದದ ಮೇಲಿನ ನಿಯಮವಾಗಿ ಬಿಡದೆ, ಪರದೆ ಓದುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು ಲ್ಯಾಬಿನ ಒಂದು ಯಂತ್ರದಲ್ಲಿ ಹಾಕಿ, ಅದನ್ನು ದಿನವೂ ಬಳಸುವ ವಿದ್ಯಾರ್ಥಿಯೊಬ್ಬರಿಗೆ ತಾಣವನ್ನು ತೋರಿಸಬೇಕು. ಇಂದಿನ ವೇಳೆ ಅವರಿಗೆ ಎಷ್ಟು ಬೇಗ ಸಿಕ್ಕಿತು ಎಂಬುದನ್ನು ನೋಡಿದರೆ, ಹತ್ತು ಪುಟದ ತಪಾಸಣಾ ವರದಿಗಿಂತ ಹೆಚ್ಚು ತಿಳಿಯುತ್ತದೆ.

ನನ್ನ ಶಿಫಾರಸು

ಗ್ರಂಥಾಲಯದಲ್ಲಿ ತಂತ್ರಜ್ಞರು ಇಲ್ಲ, ಗಣಕ ಕೇಂದ್ರದ ನೆರವು ಅಪರೂಪ ಎಂಬ ಸ್ಥಿತಿಯಲ್ಲಿರುವವರು ಸಂಸ್ಥೆಯ ಖಾತೆಯ ಗೂಗಲ್ ಸೈಟ್ಸ್‌ನಲ್ಲಿ ಆರೇಳು ಪುಟಗಳ ತಾಣವನ್ನು ಕಟ್ಟಿ, ಮುಖ್ಯ ತಾಣದಿಂದಲೂ ಓಪ್ಯಾಕ್‌ನಿಂದಲೂ ಅದಕ್ಕೆ ಕೊಂಡಿ ಕೊಡಲಿ. ಇಂಥ ವಿಭಾಗಗಳೇ ಹೆಚ್ಚು ಇರುವುದರಿಂದ ಇದೇ ಹೆಚ್ಚಿನವರಿಗೆ ಹೊಂದುವ ಉತ್ತರ ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಗಣಕ ಕೇಂದ್ರ ಸರ್ವರ್ ಕೊಟ್ಟು ನಿಯಮಿತವಾಗಿ ಅಪ್‌ಡೇಟ್ ಮಾಡಲು ಬರಹದಲ್ಲಿ ಒಪ್ಪಿದರೆ ವರ್ಡ್‌ಪ್ರೆಸ್ ಅದಕ್ಕಿಂತ ಉತ್ತಮ. ಕಾಯ್ದಿರಿಸುವಿಕೆ, ಎರಡು ಭಾಷೆ, ತರಬೇತಿ ಶಿಬಿರಗಳ ಸೂಚನೆ ಎಲ್ಲಕ್ಕೂ ಅದರಲ್ಲಿ ಅವಕಾಶವಿದೆ. ಆ ಒಪ್ಪಿಗೆ ಬಾಯಿಮಾತಿನದಾಗಿದ್ದರೆ ವರ್ಡ್‌ಪ್ರೆಸ್ ಬೇಡ. ಮುಖ್ಯ ತಾಣದಲ್ಲಿ ತಿದ್ದುವ ಹಕ್ಕು ಸಿಕ್ಕವರು ಬೇರೆ ತಾಣದ ಯೋಚನೆಯನ್ನೇ ಬಿಡಬಹುದು.

ಏಜೆನ್ಸಿಯಿಂದ ಕಟ್ಟಿಸುವುದೇ ಆದರೆ ಕರಾರಿನಲ್ಲಿ ಮೂರು ಅಂಶಗಳು ಇರಲೇಬೇಕು. ಡೊಮೇನ್, ಹೋಸ್ಟಿಂಗ್ ಮತ್ತು ನಿರ್ವಾಹಕ ಲಾಗಿನ್ ಸಂಸ್ಥೆಯ ಹೆಸರಿನಲ್ಲಿರಬೇಕು. ಸಿಬ್ಬಂದಿಗೆ ಕನ್ನಡದಲ್ಲಿ ತರಬೇತಿ ಮತ್ತು ಬರೆದ ಕೈಪಿಡಿ ಕೊಡಬೇಕು. ಕರಾರು ಮುಗಿದಾಗ ತಾಣದ ಪೂರ್ಣ ಪ್ರತಿಯನ್ನು ಒಪ್ಪಿಸಬೇಕು. ಅದರ ಜೊತೆಗೆ, ತಾಣದ ಹೊಣೆಯನ್ನು ವ್ಯಕ್ತಿಯ ಹೆಸರಿಗಲ್ಲದೆ ಹುದ್ದೆಗೆ ಹೊರಿಸುವ ಕಚೇರಿ ಆದೇಶವೊಂದನ್ನು ಹೊರಡಿಸಬೇಕು: ಸಹಾಯಕ ಗ್ರಂಥಪಾಲಕರು, ಅವರಿಲ್ಲದಾಗ ಇಂಥ ಹುದ್ದೆಯವರು, ಎಂದು. ವರ್ಗಾವಣೆಯಾದಾಗ ಕೊಠಡಿಯ ಬೀಗದ ಕೈ ಮತ್ತು ದಾಸ್ತಾನು ಪುಸ್ತಕವನ್ನು ಒಪ್ಪಿಸುವ ಪ್ರಭಾರ ಪಟ್ಟಿಯಲ್ಲಿ ತಾಣದ ಲಾಗಿನ್, ಬ್ಯಾಕಪ್ ಇಟ್ಟಿರುವ ಜಾಗ ಮತ್ತು ನವೀಕರಣದ ದಿನಾಂಕಗಳನ್ನೂ ಸೇರಿಸಬೇಕು. ಅಧಿಕಾರ ವಹಿಸಿಕೊಳ್ಳುವವರು ಸಹಿ ಹಾಕುವ ಮೊದಲು ತಾವೇ ಲಾಗಿನ್ ಆಗಿ, ಒಂದು ಸಾಲನ್ನು ತಿದ್ದಿ ನೋಡಬೇಕು.